ಭಯವಿಲ್ಲದವನ ಗುಂಡು: ‘ಸ್ಟೀಲ್‌ಹಾರ್ಟ್’ ಕಾದಂಬರಿಯಲ್ಲಿ ಮರ್ಮಸ್ಥಾನದ ಕಲ್ಪನೆ

ಶಾಸನ, ಹಸ್ತಪ್ರತಿ, ಚಂಪೂಕಾವ್ಯ, ಹೊರನಾಡ ಕನ್ನಡದ ಸ್ಥಿತಿಗತಿ ಮೊದಲಾದ ವಿಷಯಗಳನ್ನೇ ಈ ಪತ್ರಿಕೆಯಲ್ಲಿ ಓದುತ್ತ ಬಂದಿರುವವರಿಗೆ, ಹದಿಮೂರು ಹದಿನಾಲ್ಕರ ವಯಸ್ಸಿನ ಮಕ್ಕಳು ಕೈಯಿಂದ ಕೆಳಗಿಡದೆ ಓದುವ ಅಮೆರಿಕದ ಸಾಹಸ ಕಾದಂಬರಿಯೊಂದನ್ನು ಕುರಿತ ಈ ಬರಹ ಅನಿರೀಕ್ಷಿತವೆನಿಸಬಹುದು. ಮಧ್ಯಕಾಲೀನ ಕಾವ್ಯಗಳ ಅಧ್ಯಯನದಲ್ಲಿಯೇ ಮೂರು ದಶಕಗಳನ್ನು ಕಳೆದ ನಮಗೂ ಅದು ಅನಿರೀಕ್ಷಿತವೇ. ನಮ್ಮ ವಸತಿ ಸಮುಚ್ಚಯದ ಕನ್ನಡ ಕುಟುಂಬಗಳ ಮಕ್ಕಳಿಗೆ ಭಾನುವಾರಗಳಲ್ಲಿ ನಾವು ನಡೆಸುವ ತರಗತಿಯಲ್ಲಿ ಒಮ್ಮೆ ಗದಾಯುದ್ಧದ ಕಥೆಯನ್ನು ಹೇಳಿ ಮುಗಿಸಿದಾಗ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಚೀಲದಿಂದ ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ಹೊರತೆಗೆದು, ‘ಸರ್, ಇದರಲ್ಲಿಯೂ ದುರ್ಯೋಧನನ ತೊಡೆಯ ಹಾಗೆ ಒಂದು ಇದೆ, ಆದರೆ ಅದು ಅವನ ಮೈಯಲ್ಲಿ ಇಲ್ಲ’ ಎಂದನು. ಮೈಯಲ್ಲಿ ಇಲ್ಲದ ಮರ್ಮಸ್ಥಾನ ಎಂದರೇನು ಎಂಬ ಕುತೂಹಲದಿಂದ ನಾವು ಪುಸ್ತಕವನ್ನು ಎರವಲು ಪಡೆದೆವು. ಅದನ್ನು ಎರಡು ಬಾರಿ ಓದಿದ ಮೇಲೆ, ಹುಡುಗನ ಮಾತು ಅವನು ತಿಳಿದಿದ್ದುದಕ್ಕಿಂತ ಆಳವಾದದ್ದೆಂದು ನಮಗೆ ಮನವರಿಕೆಯಾಯಿತು.

ಕೃತಿ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ ‘ಸ್ಟೀಲ್‌ಹಾರ್ಟ್’. 1975ರಲ್ಲಿ ಜನಿಸಿದ ಈ ಲೇಖಕರು ಅದ್ಭುತ ಕಥನದ ಬೃಹತ್ ಸಂಪುಟಗಳಿಗಾಗಿ ಪ್ರಸಿದ್ಧರು. ಪ್ರಸ್ತುತ ಕಾದಂಬರಿ 2013ರಲ್ಲಿ ಪ್ರಕಟವಾಯಿತು; ಇದರ ಮುಂದುವರಿಕೆಯಾಗಿ ‘ಫೈರ್‌ಫೈಟ್’ 2015ರಲ್ಲಿ, ‘ಕಲ್ಯಾಮಿಟಿ’ 2016ರಲ್ಲಿ ಹೊರಬಂದವು. ಮೂರನ್ನೂ ಸೇರಿಸಿ ಒಂದು ತ್ರಿವಳಿಯೆಂದು ಓದುವುದು ವಾಡಿಕೆಯಾದರೂ ಮೊದಲನೆಯದು ತನ್ನಷ್ಟಕ್ಕೆ ಪೂರ್ಣವಾದುದರಿಂದ ನಮ್ಮ ಗಮನ ಬಹುಮಟ್ಟಿಗೆ ಅದರ ಮೇಲೆಯೇ ಇರುತ್ತದೆ.

ಕಥೆಯ ಹಂದರ ಸರಳ. ಆಕಾಶದಲ್ಲಿ ‘ಕಲ್ಯಾಮಿಟಿ’ ಎಂಬ ಕೆಂಪು ಜ್ಯೋತಿಯೊಂದು ಕಾಣಿಸಿಕೊಂಡ ಮೇಲೆ ಕೆಲವು ಸಾಮಾನ್ಯ ಮನುಷ್ಯರಿಗೆ ಅಸಾಮಾನ್ಯ ಶಕ್ತಿಗಳು ಒದಗುತ್ತವೆ. ಇವರಿಗೆ ಕಾದಂಬರಿಯಲ್ಲಿ ‘ಎಪಿಕ್’ಗಳೆಂದು ಹೆಸರು. ನಾವು ಮಹಾಕಾವ್ಯ ಎಂದು ಅನುವಾದಿಸಿಕೊಂಡು ಪಾಠ ಹೇಳುತ್ತ ಬಂದಿರುವ ಪದವು ಇಲ್ಲಿ ಪೀಡಕರ ಜಾತಿವಾಚಕವಾಗಿರುವುದನ್ನು ಕಂಡು ಮೊದಲಿಗೆ ಕಸಿವಿಸಿಯಾಯಿತೆಂದು ಒಪ್ಪಿಕೊಳ್ಳಬೇಕು. ಶಕ್ತಿ ಪಡೆದವರಲ್ಲಿ ಯಾರೂ ರಕ್ಷಕರಾಗುವುದಿಲ್ಲ. ಎಲ್ಲರೂ ಕೊಲೆಗಡುಕರೂ ಪ್ರಭುಗಳೂ ಆಗುತ್ತಾರೆ. ಷಿಕಾಗೊ ನಗರವನ್ನು ಆಳುವವನು ಸ್ಟೀಲ್‌ಹಾರ್ಟ್. ಅವನು ಹಾರಬಲ್ಲ, ಕೈಯಿಂದ ವಿನಾಶಕ ಶಕ್ತಿಯನ್ನು ಹೊಮ್ಮಿಸಬಲ್ಲ, ಯಾವ ಆಯುಧವೂ ಅವನಿಗೆ ತಾಗದು. ಒಮ್ಮೆ ಕ್ರೋಧೋನ್ಮತ್ತನಾಗಿ ಇಡೀ ನಗರವನ್ನೂ ಅದರ ಅಂಚಿನ ಸರೋವರದ ಒಂದು ಭಾಗವನ್ನೂ ಉಕ್ಕಾಗಿ ಮಾರ್ಪಡಿಸಿದವನು. ನಗರಕ್ಕೆ ಈಗ ‘ನ್ಯೂಕಾಗೊ’ ಎಂದು ಹೆಸರು. ನೈಟ್‌ವೀಲ್ಡರ್ ಎಂಬ ಇನ್ನೊಬ್ಬನು ಕವಿಸಿರುವ ಕತ್ತಲೆಯಿಂದಾಗಿ ಅಲ್ಲಿ ಹಗಲೆಂಬುದಿಲ್ಲ. ನಿರೂಪಕನಾದ ಡೇವಿಡ್ ಎಂಟು ವರ್ಷದವನಾಗಿದ್ದಾಗ ತನ್ನ ತಂದೆಯನ್ನು ಸ್ಟೀಲ್‌ಹಾರ್ಟ್ ಕೊಂದುದನ್ನು ಕಣ್ಣಾರೆ ಕಂಡವನು. ಅಂದಿನಿಂದ ಹತ್ತು ವರ್ಷ ಎಪಿಕ್‌ಗಳ ಶಕ್ತಿ, ಅಭ್ಯಾಸ, ದೌರ್ಬಲ್ಯಗಳ ಟಿಪ್ಪಣಿಗಳನ್ನು ಕೂಡಿಡುತ್ತ ಬಂದು, ಎಪಿಕ್‌ಗಳನ್ನು ಗುಟ್ಟಾಗಿ ಬೇಟೆಯಾಡುವ ‘ರೆಕನರ್ಸ್’ ಎಂಬ ತಂಡವನ್ನು ಸೇರುತ್ತಾನೆ.

ಮಹಾಶಕ್ತನಿಗೆ ಒಂದು ದೌರ್ಬಲ್ಯವಿರಬೇಕೆಂಬುದು ಈ ಪ್ರಕಾರದ ಹಳೆಯ ನಿಯಮ. 1938ರಲ್ಲಿ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು ಸೃಷ್ಟಿಸಿದ ಸೂಪರ್‌ಮ್ಯಾನ್‌ಗೆ ಆರಂಭದಲ್ಲಿ ಅಂಥದೇನೂ ಇರಲಿಲ್ಲ. ಅವನನ್ನು ಕುಗ್ಗಿಸುವ ಕ್ರಿಪ್ಟೊನೈಟ್ ಎಂಬ ಲೋಹ ಮೊದಲು ಕೇಳಿಬಂದದ್ದು 1943ರ ರೇಡಿಯೊ ಧಾರಾವಾಹಿಯಲ್ಲಿ. ಚಿತ್ರಕಥೆಗಳಿಗೆ ಅದು ಬಂದದ್ದು 1949ರಲ್ಲಿ. ಕಥೆಗಾರರಿಗೆ ಅದರ ಅಗತ್ಯ ಬಿದ್ದ ಕಾರಣ ಸ್ಪಷ್ಟವಾಗಿದೆ. ಸೋಲಲಾರದವನಿಗೆ ಕಥೆಯಿಲ್ಲ. ಸ್ಯಾಂಡರ್ಸನ್ ಅವರೇ ತಮ್ಮ ಬರವಣಿಗೆಯ ಸೂತ್ರಗಳನ್ನು ವಿವರಿಸುವಾಗ, ಪಾತ್ರವೊಂದರ ಶಕ್ತಿಗಿಂತ ಅದರ ಮಿತಿಯೇ ಹೆಚ್ಚು ಮುಖ್ಯವೆಂದು ಹೇಳಿದ್ದಾರೆ. ಪುರಾಣಗಳನ್ನು ಕೇಳಿ ಬೆಳೆದವರಿಗೆ ಈ ಸೂತ್ರ ಹೊಸದೆನಿಸಲಾರದು.

ನಮ್ಮ ಪರಂಪರೆಯಲ್ಲಿ ಅಜೇಯನ ಮರ್ಮ ಎಲ್ಲೆಲ್ಲಿ ಅಡಗಿರುತ್ತದೆಂಬುದನ್ನು ಒಮ್ಮೆ ನೆನೆಯೋಣ. ದುರ್ಯೋಧನನಲ್ಲಿ ಅದು ದೇಹದ ಒಂದು ಭಾಗ. ಹಿರಣ್ಯಕಶಿಪುವಿನಲ್ಲಿ ಅದು ವರದ ವಾಕ್ಯರಚನೆಯಲ್ಲಿದೆ; ಹಗಲೂ ಅಲ್ಲ ಇರುಳೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ ಎಂಬ ಸಂಧಿಗಳನ್ನು ವರವನ್ನು ಬೇಡಿದವನು ಮರೆತಿದ್ದಾನೆ, ನರಸಿಂಹನು ಮರೆತಿಲ್ಲ. ಕರ್ಣನಲ್ಲಿ ಅದು ಗುಣದಲ್ಲಿಯೇ ಇದೆ. ಬೇಡಿದವರಿಗೆ ಇಲ್ಲವೆನ್ನಲಾರದ ಅವನ ದಾನಶೀಲತೆಯೇ ಕವಚಕುಂಡಲಗಳನ್ನು ಕಳೆಯುತ್ತದೆ. ಭಸ್ಮಾಸುರನಲ್ಲಿ ಅದು ಅವನ ಕೈಯಲ್ಲಿಯೇ ಇದೆ. ಈ ನಾಲ್ಕರಲ್ಲಿಯೂ ಸಮಾನವಾದ ಒಂದು ಅಂಶವೆಂದರೆ, ಮರ್ಮವು ಅದನ್ನು ಹೊತ್ತವನಿಗೇ ಸಂಬಂಧಿಸಿದ್ದು. ಎದುರಾಳಿಯ ಕೆಲಸ ಅದನ್ನು ತಿಳಿಯುವುದು ಅಥವಾ ಬಲ್ಲವರಿಂದ ಸನ್ನೆ ಪಡೆಯುವುದು. ತಿಳಿದ ಮೇಲೆ ಹೊಡೆಯುವವನು ಎಂಥವನೆಂಬುದು ಮುಖ್ಯವಾಗುವುದಿಲ್ಲ. ತೊಡೆಗೆ ಬಿದ್ದ ಗದೆ ಭೀಮನದಾದರೂ ಇನ್ನೊಬ್ಬನದಾದರೂ ತೊಡೆ ಮುರಿದೇ ಮುರಿಯುತ್ತದೆ.

‘ಸ್ಟೀಲ್‌ಹಾರ್ಟ್’ನ ವೈಶಿಷ್ಟ್ಯವಿರುವುದು ಈ ಕ್ರಮವನ್ನು ತಿರುವಿಹಾಕಿರುವುದರಲ್ಲಿ. ಅದನ್ನು ಗ್ರಹಿಸಲು ಕಾದಂಬರಿಯ ಆರಂಭದ ಬ್ಯಾಂಕಿನ ಪ್ರಸಂಗವನ್ನು ವಿವರವಾಗಿ ನೋಡಬೇಕು. ಇಡೀ ಕೃತಿಯಲ್ಲಿ ಇದಕ್ಕಿಂತ ಬಿಗಿಯಾದ ಬರವಣಿಗೆ ಮತ್ತೊಂದಿಲ್ಲ. ತಂದೆ ಮಗ ಇಬ್ಬರೂ ಬ್ಯಾಂಕಿನಲ್ಲಿರುವಾಗ ಡೆತ್‌ಪಾಯಿಂಟ್ ಎಂಬ ಎಪಿಕ್ ಒಳನುಗ್ಗಿ, ಬೆರಳು ತೋರಿದವರನ್ನೆಲ್ಲ ಬೂದಿಯಾಗಿಸುತ್ತ ಬರುತ್ತಾನೆ. ಅಷ್ಟರಲ್ಲಿ ಸ್ಟೀಲ್‌ಹಾರ್ಟ್ ಬರುತ್ತಾನೆ. ದುಷ್ಟರು ಬಂದಿರುವಲ್ಲಿ ಅವರನ್ನು ತಡೆಯುವ ವೀರರೂ ಬಂದೇ ಬರುತ್ತಾರೆಂದು ನಂಬಿ, ಮಗನಿಗೂ ಅದನ್ನೇ ಹೇಳುತ್ತ ಬಂದ ತಂದೆಗೆ, ಬಂದವನು ಆ ವೀರನೆಂದೇ ತೋರುತ್ತದೆ. ಆದ್ದರಿಂದ ಅವನು ಪಿಸ್ತೂಲನ್ನೆತ್ತಿ ಡೆತ್‌ಪಾಯಿಂಟ್‌ನತ್ತ ಗುಂಡು ಹಾರಿಸುತ್ತಾನೆ, ಸ್ಟೀಲ್‌ಹಾರ್ಟ್‌ನನ್ನು ಉಳಿಸಲೆಂದು. ಆ ಗುಂಡು ಸ್ಟೀಲ್‌ಹಾರ್ಟ್‌ನ ಕೆನ್ನೆಯನ್ನು ಸವರಿಕೊಂಡು ಹೋಗುತ್ತದೆ. ಯಾವ ಆಯುಧಕ್ಕೂ ಬಗ್ಗದ ಚರ್ಮದಿಂದ ರಕ್ತ ಇಳಿಯುತ್ತದೆ. ತನ್ನನ್ನು ಉಳಿಸಲು ಬಂದವನನ್ನು ಸ್ಟೀಲ್‌ಹಾರ್ಟ್ ಕೊಲ್ಲುತ್ತಾನೆ, ನೋಡಿದವರೆಲ್ಲರನ್ನೂ ಕೊಲ್ಲುತ್ತಾನೆ, ಆ ಕಟ್ಟಡವನ್ನೇ ನೆಲದಡಿ ಹೂಳಿಸುತ್ತಾನೆ. ಉಳಿಯುವವನು ಹುಡುಗನೊಬ್ಬನೇ.

ಆ ಗುಂಡು ಏಕೆ ತಾಗಿತು? ಮುಂದಿನ ನೂರಾರು ಪುಟಗಳನ್ನು ಹಿಡಿದು ನಡೆಸುವುದು ಈ ಪ್ರಶ್ನೆಯೇ. ಪಿಸ್ತೂಲಿನ ವಿಶೇಷವೇ, ಗುಂಡಿನದೇ, ಸ್ಥಳದ್ದೇ, ಹೊಡೆದವನು ಸ್ಟೀಲ್‌ಹಾರ್ಟ್‌ಗೆ ಗುರಿಯಿಟ್ಟಿರಲಿಲ್ಲವೆಂಬುದೇ ಎಂದು ಡೇವಿಡ್ ಮತ್ತು ತಂಡದವರು ಒಂದೊಂದೇ ಸಾಧ್ಯತೆಯನ್ನು ತೂಗುತ್ತಾರೆ. ಈ ಭಾಗವನ್ನು ಓದುವಾಗ ಏಕೈಕ ಹಸ್ತಪ್ರತಿಯನ್ನು ಮುಂದಿಟ್ಟುಕೊಂಡ ಗ್ರಂಥಸಂಪಾದಕನ ಸಂಕಟ ನಮಗೆ ನೆನಪಾಯಿತು. ಹೋಲಿಸಲು ಬೇರೆ ಪ್ರತಿಯಿಲ್ಲ. ಪಾಠವನ್ನು ಕಂಡವನು ಅಂದು ಎಂಟು ವರ್ಷದ ಬಾಲಕ. ಅಲ್ಲಿದ್ದ ಪ್ರತಿಯೊಂದು ವಿವರವೂ ಅರ್ಥವತ್ತಾಗಿರಬಹುದು, ಆಗದೆಯೂ ಇರಬಹುದು. ಕಿಶೋರ ಓದುಗರಿಗೆ ಸಂಶೋಧನೆಯ ರೋಮಾಂಚನವನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿಕೊಡುವ ಸಾಹಸ ಕಥೆಗಳು ವಿರಳವೆಂದೇ ನಮ್ಮ ಭಾವನೆ. ಕೊನೆಗೆ ಹೊರಬೀಳುವ ಉತ್ತರವೆಂದರೆ, ಸ್ಟೀಲ್‌ಹಾರ್ಟ್‌ನನ್ನು ಅವನಿಗೆ ಅಂಜದವನು ಮಾತ್ರ ಗಾಯಗೊಳಿಸಬಲ್ಲನು. ತಂದೆಯು ಅವನನ್ನು ರಕ್ಷಕನೆಂದು ನಂಬಿದ್ದನು, ನಂಬಿದ್ದರಿಂದ ಅಂಜಲಿಲ್ಲ, ಅಂಜದ್ದರಿಂದ ಗುಂಡು ತಾಗಿತು.

ಹೀಗೆ ಮರ್ಮಸ್ಥಾನವು ಹೊಡೆಸಿಕೊಳ್ಳುವವನ ದೇಹವನ್ನು ಬಿಟ್ಟು ಹೊಡೆಯುವವನ ಮನಸ್ಸಿಗೆ ಸ್ಥಳಾಂತರಗೊಂಡಿದೆ. ಇದರ ಪರಿಣಾಮಗಳು ದೂರಗಾಮಿಯಾದವು. ಮರ್ಮವನ್ನು ತಿಳಿಯುವುದರಿಂದ ಇಲ್ಲಿ ಏನೂ ಪ್ರಯೋಜನವಿಲ್ಲ, ತಿಳಿದವನು ಬದಲಾಗಬೇಕು. ಹತ್ತು ವರ್ಷ ಟಿಪ್ಪಣಿ ಬರೆದ ಡೇವಿಡ್‌ಗೆ ಇದಕ್ಕಿಂತ ಕ್ರೂರವಾದ ಉತ್ತರ ಸಿಗಲಾರದಾಗಿತ್ತು. ಅವನ ದ್ವೇಷದ ಬೇರಿನಲ್ಲಿಯೇ ಆ ದಿನದ ಭಯವಿದೆ. ಸೇಡಿಗಾಗಿ ಬದುಕಿದವನು ಯಾರ ಮೇಲೆ ಸೇಡು ತೀರಿಸಬೇಕೋ ಅವನಿಗೆ ಅಂಜದಿರುವುದು ಹೇಗೆ? ಅಭಿಮನ್ಯುವಿಗೆ ಚಕ್ರವ್ಯೂಹವನ್ನು ಹೊಗುವುದು ತಿಳಿದಿತ್ತು, ಹೊರಬರುವುದು ತಿಳಿದಿರಲಿಲ್ಲ. ಡೇವಿಡ್‌ನದು ಬೇರೆ ಬಗೆಯ ಕೊರತೆ. ಅವನ ವಿದ್ಯೆ ಪೂರ್ಣವಾಗಿದೆ, ಆ ವಿದ್ಯೆಗೆ ಅವನು ಅರ್ಹನಾಗಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ರನ್ನನ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಮುಳುಗಿ ಕುಳಿತಿರುವಾಗ ಭೀಮನ ಗರ್ಜನೆಯನ್ನು ಕೇಳಿ ನೀರಿನೊಳಗಿದ್ದೂ ಬೆವರುತ್ತಾನೆ. ಕನ್ನಡ ಓದಿದ ಯಾರಿಗೂ ಪರಿಚಿತವಾದ ಪ್ರಸಂಗವಿದು. ಆ ಬೆವರು ಭಯದ್ದಲ್ಲ, ಕೋಪದ್ದು. ಅದು ಅವನನ್ನು ಅಡಗುತಾಣದಿಂದ ಹೊರತರುತ್ತದೆ, ಎದುರಿಗೆ ನಿಲ್ಲಿಸುತ್ತದೆ. ಸ್ಟೀಲ್‌ಹಾರ್ಟ್‌ನ ಕೆನ್ನೆಯ ರಕ್ತವೂ ಹಾಗೆಯೇ ದೇಹವು ಒಳಗಿನದನ್ನು ಹೊರಗೆಡಹಿದ ಗುರುತು. ಆದರೆ ಅದನ್ನು ಕಂಡ ಕೂಡಲೇ ಅವನು ಮಾಡುವ ಕೆಲಸ ಸಾಕ್ಷಿನಾಶ. ನಗರವನ್ನು ಉಕ್ಕಾಗಿಸಿದವನು ಒಂದು ವದಂತಿಗೆ ಅಂಜುತ್ತಾನೆ. ತಾನು ರಕ್ತ ಸುರಿಸಿದ್ದನ್ನು ಯಾರಾದರೂ ಹೇಳಿಬಿಟ್ಟಾರೆಂದು ಅಂಜುತ್ತಾನೆ. ಭಯದ ಮೇಲೆ ನಿಂತ ಆಳ್ವಿಕೆಗೆ ಆಯುಧಕ್ಕಿಂತ ಅಪಾಯಕಾರಿಯಾದದ್ದು ಕಥೆ. ಡೇವಿಡ್ ಉಳಿದುಕೊಂಡದ್ದು ಯೋಧನಾಗಿ ಅಲ್ಲ, ಕಂಡದ್ದನ್ನು ಹೇಳಬಲ್ಲವನಾಗಿ. ಕಾದಂಬರಿ ಉತ್ತಮಪುರುಷ ನಿರೂಪಣೆಯಲ್ಲಿರುವುದು ಈ ದೃಷ್ಟಿಯಿಂದ ಕೇವಲ ಜನಪ್ರಿಯ ರೂಢಿಯಾಗಿ ಉಳಿಯುವುದಿಲ್ಲ.

ಆ ನಿರೂಪಣೆಯ ಭಾಷೆಯ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಈ ಬಗೆಯ ಕಾದಂಬರಿಗಳಲ್ಲಿ ಅಲಂಕಾರಶಾಸ್ತ್ರಕ್ಕೆ ಕೆಲಸವಿಲ್ಲವೆಂದು ನಾವು ತಿಳಿದಿದ್ದೆವು. ಆದರೆ ಡೇವಿಡ್‌ನ ಪ್ರಮುಖ ಲಕ್ಷಣವೇ ಅವನ ಉಪಮೆಗಳು ಕೆಟ್ಟವಾಗಿರುವುದು. ಇಟ್ಟಿಗೆ, ಗಂಜಿ, ಆಲೂಗೆಡ್ಡೆ ಎಂದು ಎಲ್ಲಿಂದಲೋ ತಂದ ಉಪಮಾನಗಳನ್ನು ಉಪಮೇಯಕ್ಕೆ ಅಂಟಿಸಿ, ಅವು ಅಂಟಲಿಲ್ಲವೆಂದು ತಾನೇ ಕಂಡುಕೊಂಡು ಮುಜುಗರಪಡುತ್ತಾನೆ. ಜೊತೆಗಾರರು ನಗುತ್ತಾರೆ. ದಂಡಿಯು ಉಪಮಾದೋಷಗಳನ್ನು ಚರ್ಚಿಸುತ್ತ, ಲಿಂಗವಚನಗಳ ಭೇದವಾಗಲಿ ಹೀನತೆ ಅಧಿಕತೆಗಳಾಗಲಿ ಸಹೃದಯರಿಗೆ ಉದ್ವೇಗವನ್ನುಂಟುಮಾಡದಿದ್ದಲ್ಲಿ ದೋಷವೆನಿಸಲಾರವೆಂದು ವಿನಾಯಿತಿ ಕೊಟ್ಟಿದ್ದಾನೆ. ದೋಷವು ಸಂದರ್ಭವಶಾತ್ ಅದೋಷವಾಗುವ ಬಗೆಯನ್ನು ದಂಡಿಯ ಜಾಡಿನಲ್ಲಿ ನಡೆದ ‘ಕವಿರಾಜಮಾರ್ಗ’ವೂ ಎತ್ತಿಕೊಂಡಿದೆ. ಇಲ್ಲಿನ ದೋಷ ಮೊದಲಿಗೆ ಉದ್ವೇಗವನ್ನೇ ಉಂಟುಮಾಡುತ್ತದೆ, ಬರಬರುತ್ತ ಪಾತ್ರವನ್ನು ಕಟ್ಟುತ್ತದೆ. ಕತ್ತಲೆ ಕವಿದ, ಎಲ್ಲವೂ ಒಂದೇ ಲೋಹವಾಗಿರುವ ನಗರದಲ್ಲಿ ಬೆಳೆದ ಅನಾಥ ಹುಡುಗನಿವನು. ಉಪಮೆಗೆ ಸಾದೃಶ್ಯ ಬೇಕು, ಸಾದೃಶ್ಯ ಕಾಣಬೇಕಾದರೆ ಮೊದಲು ವಸ್ತುಗಳಲ್ಲಿ ಭೇದವಿರಬೇಕು. ಗೋಡೆ, ನೆಲ, ನೀರು ಮೂರೂ ಉಕ್ಕಾಗಿರುವಲ್ಲಿ ಯಾವುದನ್ನು ಯಾವುದಕ್ಕೆ ಹೋಲಿಸುವುದು? ಲೇಖಕರು ಇದನ್ನು ಇಷ್ಟು ಉದ್ದೇಶಪೂರ್ವಕವಾಗಿ ಮಾಡಿದ್ದಾರೆಯೆ ಎಂದು ಕೇಳಿದರೆ, ಬಹುಶಃ ನಗಿಸಲಿಕ್ಕಾಗಿಯೇ ಆರಂಭಿಸಿದ್ದಿರಬೇಕು. ಆ ನಗು ಹಲವೆಡೆ ಅತಿಯಾಗಿದೆಯೆಂಬುದೂ ನಿಜ. ಆದರೂ ಧ್ವನಿ ಅಲ್ಲಿದೆ.

ಯುದ್ಧವರ್ಣನೆಗಳನ್ನು ಬೇಗ ದಾಟಿಬಿಡಬಹುದು. ಮೋಟಾರ್ ಸೈಕಲ್ಲುಗಳ ಬೆನ್ನಟ್ಟುವಿಕೆ, ಬಂದೂಕುಗಳ ತಾಂತ್ರಿಕ ವಿವರ, ಉಕ್ಕನ್ನು ಪುಡಿಗೈಯುವ ಯಂತ್ರಗಳು ಇವೆಲ್ಲ ನಡುವಿನ ಅಧ್ಯಾಯಗಳನ್ನು ಅಗತ್ಯಕ್ಕಿಂತ ಉದ್ದವಾಗಿಸಿವೆ. ಮೆಗನ್ ಎಂಬ ತರುಣಿಯನ್ನು ಬಹಳ ಹೊತ್ತು ಡೇವಿಡ್‌ನ ಮುಗ್ಧ ನೋಟದ ವಸ್ತುವಾಗಿಯಷ್ಟೇ ಇಟ್ಟಿರುವುದು ಕೃತಿಯ ದುರ್ಬಲ ಭಾಗ. ಅವಳ ನಿಜಸ್ವರೂಪ ಬಯಲಾದ ಮೇಲೆಯೇ ಅವಳಿಗೆ ಮಾತಿನ ತೂಕ ಬರುತ್ತದೆ.

ಮುಖ್ಯ ಪ್ರಶ್ನೆ ಕಾದಂಬರಿಯ ಅಂತ್ಯವನ್ನು ಕುರಿತದ್ದು. ಷಿಕಾಗೊದ ಹಳೆಯ ಸೋಲ್ಜರ್ ಫೀಲ್ಡ್ ಕ್ರೀಡಾಂಗಣದಲ್ಲಿ ನಡೆಯುವ ಕಾಳಗದಲ್ಲಿ ಡೇವಿಡ್ ಸೋತು ಬಿದ್ದಿದ್ದಾನೆ. ಸ್ಟೀಲ್‌ಹಾರ್ಟ್ ಪಿಸ್ತೂಲನ್ನು ಕೈಗೆತ್ತಿಕೊಂಡು ಅವನತ್ತ ಗುರಿಯಿಟ್ಟು ಟ್ರಿಗರ್ ಎಳೆಯುತ್ತಾನೆ. ಸ್ಫೋಟಕವನ್ನು ಸಿಡಿಸುವ ಸಾಧನವನ್ನು ಡೇವಿಡ್ ಅದೇ ಪಿಸ್ತೂಲಿನಲ್ಲಿ ಅಡಗಿಸಿಟ್ಟಿರುತ್ತಾನೆ. ಸ್ಫೋಟವನ್ನುಂಟುಮಾಡಿದ ಕೈ ಸ್ಟೀಲ್‌ಹಾರ್ಟ್‌ನದೇ. ಅವನು ತನಗೆ ತಾನು ಅಂಜುವವನಲ್ಲ. ಆದ್ದರಿಂದ ಸಾಯುತ್ತಾನೆ.

ನಮ್ಮಲ್ಲಿ ಯಕ್ಷಗಾನವನ್ನು ನೋಡಿ ಬೆಳೆದ ಯಾರಾದರೂ ಇದನ್ನು ಓದಿದ ತಕ್ಷಣ ‘ಭಸ್ಮಾಸುರ’ ಎಂದು ಉದ್ಗರಿಸುವುದು ಸಹಜ. ಮೋಹಿನಿಯ ನಾಟ್ಯವನ್ನು ಅನುಕರಿಸುತ್ತ ತನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡವನ ಕಥೆಯೇ ಇದು. ನಮ್ಮ ಮೊದಲ ಓದಿನಲ್ಲಿ ಇದು ನಿರಾಶೆಯನ್ನುಂಟುಮಾಡಿತು. ಅಂಜದವನು ಮಾತ್ರ ಗಾಯಗೊಳಿಸಬಲ್ಲನೆಂಬ ನೈತಿಕವಾಗಿ ಕಠಿಣವಾದ ನಿಬಂಧನೆಯನ್ನು ಮುಂದಿಟ್ಟು, ನಾಯಕನು ಅದನ್ನು ಸಾಧಿಸುವ ಹಾದಿಯನ್ನು ತೋರದೆ, ವರದ ಬಿರುಕನ್ನು ಹುಡುಕುವ ಹಳೆಯ ಉಪಾಯಕ್ಕೇ ಕೃತಿ ಜಾರಿದೆಯೆಂದು ನಾವು ಪುಟದಂಚಿನಲ್ಲಿ ಬರೆದಿಟ್ಟೆವು (ಪುಸ್ತಕ ಎರವಲಿನದಾದ್ದರಿಂದ ಆಮೇಲೆ ಅಳಿಸಬೇಕಾಯಿತು). ಎರಡನೆಯ ಓದಿನಲ್ಲಿ ಆ ತೀರ್ಪನ್ನು ಸಡಿಲಿಸಬೇಕಾಗಿ ಬಂದಿತು. ಇಡೀ ನ್ಯೂಕಾಗೊ ನಗರದಲ್ಲಿ ಸ್ಟೀಲ್‌ಹಾರ್ಟ್‌ಗೆ ಅಂಜದವನು ಒಬ್ಬನೇ ಒಬ್ಬ, ಅವನು ಸ್ವತಃ ಸ್ಟೀಲ್‌ಹಾರ್ಟ್. ಭಯದಿಂದ ಆಳುವವನು ತನ್ನ ರಾಜ್ಯದಲ್ಲಿ ಕಟ್ಟಕಡೆಗೆ ಉಳಿಸುವ ನಿರ್ಭೀತ ಮನುಷ್ಯ ತಾನೊಬ್ಬನೇ. ಹಾಗಾಗಿ ಅವನಿಗೆ ಉಳಿಯುವ ಏಕೈಕ ಶತ್ರುವೂ ತಾನೇ. ಇದು ಭಸ್ಮಾಸುರನ ಕಥೆಯಲ್ಲಿಲ್ಲದ ಅರ್ಥ. ಅಲ್ಲಿ ಅಸುರನನ್ನು ಕೆಡಿಸುವುದು ಕಾಮ ಮತ್ತು ಮರೆವು. ಇಲ್ಲಿ ಕೆಡಿಸುವುದು ಅಧಿಕಾರದ ತರ್ಕ. ಜೊತೆಗೆ, ಡೇವಿಡ್ ತನಗಿಲ್ಲದ ಧೈರ್ಯವನ್ನು ನಟಿಸುವುದಿಲ್ಲ. ಅಂಜುತ್ತಲೇ ಗೆಲ್ಲುತ್ತಾನೆ. ಕುಮಾರವ್ಯಾಸನ ಉತ್ತರಕುಮಾರನಂತೆ ಅಂತಃಪುರದಲ್ಲಿ ಕೊಚ್ಚಿಕೊಂಡು ರಣಾಂಗಣದಲ್ಲಿ ರಥದಿಂದ ಧುಮುಕುವುದಕ್ಕಿಂತ, ತನ್ನ ಅಂಜಿಕೆಯನ್ನು ಲೆಕ್ಕಕ್ಕೆ ಹಿಡಿದು ಉಪಾಯ ಹೂಡುವುದು ಹದಿಹರೆಯದ ಓದುಗನಿಗೆ ಹೆಚ್ಚು ಸತ್ಯವಾದ ಮಾದರಿಯೆಂದು ಒಪ್ಪಬೇಕಾಗುತ್ತದೆ.

ಹಾಗಾದರೆ ಕೊರತೆ ಎಲ್ಲಿ? ಪ್ರತಿನಾಯಕನಲ್ಲಿ. ತನ್ನ ನಿರ್ಭೀತಿಯೇ ತನ್ನ ಮರ್ಮವೆಂದು ಸ್ಟೀಲ್‌ಹಾರ್ಟ್‌ಗೆ ಅರಿವಾಗುವ ಒಂದು ಕ್ಷಣವನ್ನು ಕಾದಂಬರಿಕಾರರು ವಿಸ್ತರಿಸುವುದಿಲ್ಲ. ಅವನಿಗೆ ಒಳಬದುಕೇ ಇಲ್ಲ. ರನ್ನನು ಭೀಮನ ಗೆಲುವನ್ನು ಹಾಡಲು ಕುಳಿತವನು. ಆಶ್ರಯದಾತನನ್ನು ಭೀಮನೊಡನೆ ಸಮೀಕರಿಸಿ ಕಾವ್ಯಕ್ಕೆ ‘ಸಾಹಸಭೀಮವಿಜಯ’ವೆಂದು ಹೆಸರಿಟ್ಟವನು. ಆದರೂ ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನನಿಗೆ ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣರ ಮುಂದೆ ಒಬ್ಬೊಬ್ಬರಾಗಿ ನಿಂತು ಶೋಕಿಸುವ ಅವಕಾಶ ಕೊಟ್ಟನು. ಶತ್ರುಪಕ್ಷದ ಬಾಲಕನಾದ ಅಭಿಮನ್ಯುವಿನ ಶೌರ್ಯಕ್ಕೆ ತಲೆಬಾಗುವ ದುರ್ಯೋಧನನನ್ನು ನಾವು ಮರೆಯಲಾರೆವು. ನಾಗಚಂದ್ರನ ರಾವಣನು ಸೀತೆಯ ನಿಶ್ಚಲತೆಯನ್ನು ಕಂಡು ಮನಸ್ಸು ಬದಲಾಯಿಸುತ್ತಾನೆ. ಆದರೆ ಗೆದ್ದ ಮೇಲೆಯೇ ಒಪ್ಪಿಸುವೆನೆಂಬ ಅಭಿಮಾನ ಅವನನ್ನು ಸಾವಿನತ್ತ ಒಯ್ಯುತ್ತದೆ. ಕೆಡುಕು ಆಕಾಶದ ಕೆಂಪು ಜ್ಯೋತಿಯಿಂದ ಇಳಿದುಬರುವಂಥದಾದರೆ ಅದರಲ್ಲಿ ದುರಂತಕ್ಕೆ ಅವಕಾಶವಿಲ್ಲ, ವಿನಾಶಕ್ಕೆ ಮಾತ್ರ ಅವಕಾಶವಿದೆ. ಕಿಶೋರರಿಗಾಗಿ ಬರೆದದ್ದಾದ್ದರಿಂದ ಇಷ್ಟು ಸಾಕೆಂಬ ಸಮಾಧಾನವನ್ನು ನಾವು ಒಪ್ಪುವುದಿಲ್ಲ. ದುರ್ಯೋಧನನು ಅಭಿಮನ್ಯುವಿನ ಮುಂದೆ ನಿಂತ ಪ್ರಸಂಗವನ್ನು ಹೇಳಿದಾಗ ನಮ್ಮ ಭಾನುವಾರದ ತರಗತಿಯಲ್ಲಿ ಯಾರೂ ಮಿಸುಕಲಿಲ್ಲ.

ಒಳಬದುಕುಳ್ಳ ಒಬ್ಬ ಶಕ್ತಿವಂತನು ಕಾದಂಬರಿಯಲ್ಲಿ ಇಲ್ಲದಿಲ್ಲ. ಅವನು ಬೇಟೆಗಾರ ತಂಡದ ನಾಯಕ, ‘ಪ್ರೊಫ್’ ಎಂದೇ ಎಲ್ಲರೂ ಕರೆಯುವ ಜೊನಾಥನ್ ಫೀಡ್ರಸ್. ತಂಡದವರು ಬಳಸುವ ರಕ್ಷಾಕವಚದಂಥ ಅಂಗಿಗಳೂ ಗಾಯ ಮಾಯಿಸುವ ಸಾಧನವೂ ಉಕ್ಕನ್ನು ಪುಡಿಮಾಡುವ ಕೈಗವಸೂ ವಿಜ್ಞಾನದ ಫಲಗಳಲ್ಲ, ಅವೆಲ್ಲ ಪ್ರೊಫ್ ಹಂಚಿಕೊಟ್ಟ ಅವನದೇ ಶಕ್ತಿಗಳೆಂಬುದು ಕೊನೆಯಲ್ಲಿ ತಿಳಿಯುತ್ತದೆ. ಅವನೂ ಎಪಿಕ್. ಶಕ್ತಿಯನ್ನು ತಾನು ಬಳಸಿದರೆ ಕೆಡುತ್ತಾನೆ. ಇತರರಿಗೆ ಕೊಟ್ಟುಬಿಟ್ಟರೆ ಮನುಷ್ಯನಾಗಿ ಉಳಿಯುತ್ತಾನೆ. ಪಂಪನ ‘ಆದಿಪುರಾಣ’ವನ್ನು ಓದಿದವರಿಗೆ ಇಲ್ಲಿ ಬಾಹುಬಲಿಯ ನೆನಪಾಗದಿರದು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದು, ಅಣ್ಣನನ್ನು ಎತ್ತಿ ಹಿಡಿದ ಕೈಗಳಿಂದಲೇ ಅವನನ್ನು ಇಳಿಸಿ, ಗೆದ್ದ ನೆಲವನ್ನು ಬಿಟ್ಟು ನಡೆದವನು ಬಾಹುಬಲಿ. ವ್ಯತ್ಯಾಸವನ್ನೂ ಹೇಳಬೇಕು. ಬಾಹುಬಲಿಯ ತ್ಯಾಗ ಒಮ್ಮೆ ಆಗುವಂಥದು, ಅದು ಮುಕ್ತಿಯ ಕಡೆಗಿನ ನಡೆ. ಪ್ರೊಫ್‌ನ ಸಂಯಮ ದಿನದಿನದ ಪಥ್ಯ. ಮದ್ಯ ಬಿಟ್ಟವನ ಎಚ್ಚರದಂತೆ ಅದು ಯಾವ ದಿನವಾದರೂ ಮುರಿಯಬಹುದು. ಎರಡನೆಯ ಸಂಪುಟದ ಕೊನೆಯಲ್ಲಿ ಅದು ಮುರಿಯುತ್ತದೆ, ಮೂರನೆಯದರಲ್ಲಿ ಶಿಷ್ಯನಿಗೆ ಗುರುವೇ ಎದುರಾಳಿಯಾಗಿ ನಿಲ್ಲುತ್ತಾನೆ. ಸ್ಟೀಲ್‌ಹಾರ್ಟ್‌ಗೆ ದೊರೆಯದ ಪ್ರತಿನಾಯಕನ ಘನತೆ ಪ್ರೊಫ್‌ಗೆ ಹೀಗೆ ತಡವಾಗಿ ದೊರೆಯುತ್ತದೆ. ಎಪಿಕ್‌ಗಳ ದೌರ್ಬಲ್ಯವು ಅವರವರ ಹಳೆಯ ಭಯಗಳಿಂದಲೇ ಹುಟ್ಟಿದ್ದೆಂದು, ಆ ಭಯವನ್ನು ಎದುರಿಸಿದವರು ಕೇಡಿನಿಂದ ಬಿಡಿಸಿಕೊಳ್ಳಬಲ್ಲರೆಂದು ಮುಂದಿನ ಸಂಪುಟಗಳು ತೋರಿಸಿಕೊಡುವುದರಿಂದ, ಮೊದಲ ಸಂಪುಟವು ಉತ್ತರಿಸದೆ ಜಾರಿಸಿದ ಪ್ರಶ್ನೆಯನ್ನು ಲೇಖಕರು ಮರೆತಿರಲಿಲ್ಲವೆಂದೂ ಹೇಳಬಹುದು.

ಇಷ್ಟನ್ನು ಕನ್ನಡದ ಅಧ್ಯಯನಪೀಠವೊಂದರ ಪತ್ರಿಕೆಯಲ್ಲಿ ಬರೆಯಲು ನಮಗಿರುವ ಕಾರಣವನ್ನು ಮುಚ್ಚಿಡಬೇಕಾಗಿಲ್ಲ. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಹನ್ನೆರಡರವರೆಗೆ ಕನ್ನಡದ ಚಿತ್ರಪುಸ್ತಕಗಳನ್ನು ಹೇಗೋ ಓದುತ್ತಾರೆ. ಅದರಾಚೆ ಅವರ ಕೈಗೆ ಕೊಡಲು ನಮ್ಮಲ್ಲಿ ಇರುವುದು ಕಡಿಮೆ. ತೇಜಸ್ವಿಯವರ ‘ಕರ್ವಾಲೊ’ವನ್ನು ನಾವು ಕೊಟ್ಟು ನೋಡಿದ್ದೇವೆ, ಅದು ಓಡುತ್ತದೆ, ಆದರೆ ಅದು ಈ ವಯಸ್ಸಿನವರಿಗಾಗಿಯೇ ಬರೆದದ್ದಲ್ಲ. ಮರ್ಮ, ವರ, ಪ್ರತಿನಾಯಕ, ಶಕ್ತಿಯ ತ್ಯಾಗ ಇವೆಲ್ಲವನ್ನೂ ಸಾವಿರ ವರ್ಷಗಳಿಂದ ಚಿಂತಿಸುತ್ತ ಬಂದ ಭಾಷೆಯಲ್ಲಿ ಹದಿಮೂರರ ಹುಡುಗನಿಗಾಗಿ ಬರೆದ ಇಂಥದೊಂದು ಸಾಹಸ ಕಾದಂಬರಿಯನ್ನು ಹೆಸರಿಸಿರೆಂದರೆ ನಾವು ತಡವರಿಸುತ್ತೇವೆ. ಅನುವಾದವೂ ಸುಲಭವಲ್ಲ. ‘ಉಕ್ಕಿನ ಮನುಷ್ಯ’ ಎಂಬುದು ನಮ್ಮಲ್ಲಿ ಸರದಾರ ಪಟೇಲರಿಗೆ ಸಂದ ಗೌರವ. ‘ಕಲ್ಲೆದೆ’ ಎಂದರೆ ನಿಷ್ಕರುಣೆಯಷ್ಟೇ ಆಗುತ್ತದೆ, ಅಭೇದ್ಯತೆ ಬರುವುದಿಲ್ಲ. ತರಗತಿಯಲ್ಲಿ ಮಕ್ಕಳೇ ‘ಉಕ್ಕೆದೆಯ’ ಎಂದು ಸೂಚಿಸಿದರು. ‘ಎಪಿಕ್’ ಪದಕ್ಕೆ ಮಾತ್ರ ಯಾರಿಗೂ ಏನೂ ಹೊಳೆಯಲಿಲ್ಲ.

ಅದೇ ತರಗತಿಯಲ್ಲಿ ಅಂತಿಮ ಕಾಳಗವನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ, ಪುಸ್ತಕ ಕೊ‌ಟ್ಟ ಹುಡುಗನ ತಂಗಿ, ‘ಪಿಸ್ತೂಲಿನಲ್ಲಿ ಬಚ್ಚಿಟ್ಟದ್ದು ಮೋಸ ಅಲ್ಲವೆ ಸರ್?’ ಎಂದು ಕೇಳಿದಳು. ಭೀಮನು ತೊಡೆಗೆ ಹೊಡೆದಾಗ ಇದೇ ಪ್ರಶ್ನೆಯನ್ನು ಕೇಳಲು ಭಾರತ ಕಥೆಯಲ್ಲಿ ಬಲರಾಮನಿದ್ದಾನೆ. ನೇಗಿಲನ್ನೆತ್ತಿ ಬರುವ ಅವನನ್ನು ಕೃಷ್ಣನು ಸಮಾಧಾನಪಡಿಸುತ್ತಾನೆ, ಆದರೆ ಅವನ ಆಕ್ಷೇಪವನ್ನು ಕಥೆ ಅಳಿಸಿಹಾಕುವುದಿಲ್ಲ. ನ್ಯೂಕಾಗೊದಲ್ಲಿ ಆ ಪ್ರಶ್ನೆ ಕೇಳುವವರು ಯಾರೂ ಇಲ್ಲವೆಂದು ನಾವು ಅವಳಿಗೆ ಹೇಳಿದೆವು. ಅವಳು ಪುಸ್ತಕವನ್ನು ಅಣ್ಣನಿಂದ ಕಸಿದುಕೊಂಡು, ತಾನೇ ಓದಿ ನೋಡುತ್ತೇನೆಂದು ಒಯ್ದಳು.